ಖಳನ ಮುಖ ಕಾಯುವ ಪೋಸ್ಟರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿತ್ರಮಂದಿರದ ಪಕ್ಕದ ಗೋಡೆಗೆ ಒರಗಿಸಿದ ಏಣಿಯ ತುದಿಯಲ್ಲಿ ಹೆಂಗಸೊಬ್ಬರು ಹಳೆಯ ಅಂಗಿಯ ತೋಳು ಮಡಚಿಕೊಂಡು ನಿಂತಿದ್ದಾರೆ. ಏಣಿಗೆ ಕೊಕ್ಕೆ ಹಾಕಿ ತೂಗುಬಿಟ್ಟ ಬಕೆಟಿನಲ್ಲಿ ಮೈದಾ ಅಂಟು. ಭುಜದ ಮೇಲೆ ಸುರುಳಿ ಸುತ್ತಿದ ಹಳದಿ ಕಾಗದದ ಪಟ್ಟಿ. ಅದರ ಮೇಲೆ ಕೆಂಪು ಅಕ್ಷರಗಳಲ್ಲಿ ‘ಭರ್ಜರಿ ಎರಡನೇ ವಾರ’ ಎಂದಿದೆ. ಈ ಪಟ್ಟಿಯನ್ನು ಅವರು ಎಲ್ಲಿ ಅಂಟಿಸುತ್ತಾರೆ ಎಂಬುದರ ಮೇಲೆ ಇವತ್ತು ಅವರ ಕೆಲಸದ ಅಳಿವು ಉಳಿವು ನಿಂತಿದೆ.

ಗೋಡೆಯ ಮೇಲಿರುವುದು ಕಳೆದ ಶುಕ್ರವಾರ ಅವರೇ ಅಂಟಿಸಿದ ಪೋಸ್ಟರ್. ಪೊಲೀಸ್ ವೇಷದ ನಾಯಕ ಗೋಡೆ ತುಂಬ ನಿಂತಿದ್ದಾನೆ. ಅವನ ಕಾಲ ಬಳಿ, ಬಲ ಮೂಲೆಯಲ್ಲಿ, ಖಳನ ಮುಖ. ವಾರದ ಪಟ್ಟಿ ಬಂದಾಗ ಅದನ್ನು ಖಳನ ಮುಖದ ಮೇಲೆಯೇ ಬಡಿಯುವುದು ಈ ಕಸುಬಿನಲ್ಲಿ ಮೊದಲಿನಿಂದ ನಡೆದುಬಂದ ರೂಢಿ. ನಾಯಕನನ್ನು ಮುಚ್ಚಿದರೆ ಗಲಾಟೆಯಾಗುತ್ತದೆ, ನಾಯಕಿಯನ್ನು ಮುಚ್ಚಿದರೆ ಟಿಕೆಟ್ ಹೋಗುವುದಿಲ್ಲ. ಖಳನ ಪರವಾಗಿ ಕೇಳುವವರು ಯಾರಿದ್ದಾರೆ ಎಂದು ನಾನೂ ಕೇಳುತ್ತೇನೆ.

“ನಾನಿದೀನಲ್ಲ” ಎನ್ನುತ್ತಾರೆ ಏಣಿಯ ಮೇಲಿಂದ, ನನ್ನ ಕಡೆ ತಿರುಗದೆಯೇ.

ಸುತ್ತಲಿನ ಬೀದಿಗಳಿಗೆಲ್ಲ ಅವರು ಪೋಸ್ಟರಕ್ಕ. ನಸುಕಿನಲ್ಲೆದ್ದು ಮೈದಾ ಕುದಿಸಿ, ಹುಳು ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷವಾದ್ದರಿಂದ ಅದಕ್ಕೆಂದೇ ಬೇರೆ ಪಾತ್ರೆ. ಮಗಳು ಅದನ್ನು ಮುಟ್ಟಿದರೂ ಬೈಗುಳ ತಪ್ಪಿದ್ದಲ್ಲ. ಹಿಂದೆ ಶುಕ್ರವಾರ ಬಂತೆಂದರೆ ಇಪ್ಪತ್ತು ಗೋಡೆ ಸುತ್ತುತ್ತಿದ್ದರು. ಈಗ ಎಲ್ಲ ಕಡೆ ಫ್ಲೆಕ್ಸ್ ಬಂದು, ಉಳಿದಿರುವುದು ಮೂರೋ ನಾಲ್ಕೋ. ಅವುಗಳಲ್ಲಿ ದೊಡ್ಡದು ಈ ಗೋಡೆ. ಇದೂ ಹೋದರೆ ಅಂಟಿನ ಪಾತ್ರೆ ಬೋರಲು ಹಾಕಬೇಕಾಗುತ್ತದೆ. ಹೆಣ್ಣಾಗಿ ಏಣಿ ಹತ್ತುತ್ತಾಳೆಂದು ಮೊದಮೊದಲು ಉಳಿದ ಪೋಸ್ಟರಿನವರು ಕೆಳಗೆ ನಿಂತು ಕಿಚಾಯಿಸಿದರಂತೆ. ಬಕೆಟ್ ಸ್ವಲ್ಪ ಓರೆ ಮಾಡಿದೆ, ಆಮೇಲೆ ಯಾರೂ ಏಣಿಯ ಕೆಳಗೆ ನಿಲ್ಲಲಿಲ್ಲ ಎಂದು ನಗುತ್ತಾರೆ. ಅವರ ಎಡಗೈಯ ಮಣಿಕಟ್ಟು ಪೂರ್ತಿ ಬಾಗುವುದಿಲ್ಲ. ಏಣಿಯಿಂದ ಬಿದ್ದಿರಾ ಎಂದರೆ, ಇಲ್ಲ, ಇದು ಏಣಿ ಹತ್ತುವುದಕ್ಕಿಂತ ಮೊದಲಿನದು ಎಂದು ಬ್ರಷ್ ಅದ್ದುತ್ತಾರೆ.

ದೊಡ್ಡ ಪೋಸ್ಟರ್ ಬರುವುದು ನಾಲ್ಕು ಹಾಳೆಗಳಾಗಿ. ಕೆಳಗಿನ ಹಾಳೆ ಮೊದಲು, ಅದರ ಅಂಚಿನ ಮೇಲೆ ಮೇಲಿನ ಹಾಳೆ. ಆಗ ಮಳೆ ನೀರು ಒಳಗಿಳಿಯದೆ ಜಾರಿ ಹೋಗುತ್ತದೆ. ಆದರೆ ಹಾಗೆ ಮಾಡಿದರೆ ನಾಯಕನ ಹಾಳೆಯ ಅಂಚು ಖಳನ ಹಣೆಯ ಮೇಲೆ ಕೂರುತ್ತದೆ. ಈ ಚಿತ್ರಕ್ಕೆ ಪೋಸ್ಟರಕ್ಕ ಕ್ರಮವನ್ನೇ ತಿರುಗಿಸಿದ್ದಾರೆ. ಖಳನ ಹಾಳೆ ಕಟ್ಟಕಡೆಗೆ, ಎಲ್ಲದರ ಮೇಲೆ. ಅವನ ಹಣೆ ಪೂರ್ತಿ ಉಳಿದಿದೆ, ನಾಯಕನ ಒಂದು ಬೂಟಿನ ತುದಿ ಮಾಯವಾಗಿದೆ. ನೀರು ಇಳಿಯಬಾರದೆಂದು ದಿನಾ ಬೆಳಗ್ಗೆ ಬಂದು ಆ ಅಂಚಿಗೆ ಮತ್ತೆ ಅಂಟು ಬಳಿದು ಹೋಗುತ್ತಾರೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳಿಗೆ ಇದೊಂದು ತಮಾಷೆ. ಅಮ್ಮನಿಗೆ ಅಳಿಯನನ್ನು ಹುಡುಕಲು ಪುರುಸೊತ್ತಿಲ್ಲ, ಅಣ್ಣನ ಹಣೆ ಕಾಯಲು ಮಾತ್ರ ಬೇಕಾದಷ್ಟಿದೆ ಎಂದು ಕಾಲೆಳೆಯುತ್ತಾಳೆ.

ಅಣ್ಣ ಎಂದರೆ ಖಳನ ಪಾತ್ರ ಮಾಡಿದ ನಟ. ಪೋಸ್ಟರಕ್ಕ ಹದಿಹರೆಯದಿಂದಲೂ ಅವರ ಅಭಿಮಾನಿ. ತೆರೆಯ ಮೇಲೆ ಅವರು ಇಷ್ಟು ವರ್ಷ ತಂಗಿಯರ ಕಣ್ಣೊರೆಸಿದ್ದಾರೆ, ಅಮ್ಮಂದಿರ ಕಾಲು ಹಿಡಿದಿದ್ದಾರೆ, ಆಸ್ತಿ ಬಿಟ್ಟುಕೊಟ್ಟು ಮನೆ ಒಂದು ಮಾಡಿದ್ದಾರೆ. ಅಂಥವರು ಈಗ ಈ ಕ್ರೈಂ ಚಿತ್ರದಲ್ಲಿ ಊರನ್ನೇ ಹಿಡಿತದಲ್ಲಿಟ್ಟ ಪಾತಕಿ. ಒಂದು ದೃಶ್ಯದಲ್ಲಿ ಅವನು ತನ್ನ ವಿರುದ್ಧ ಸಾಕ್ಷಿ ಹೇಳಿದವನ ಮನೆಗೆ ಬರುತ್ತಾನೆ. ಆ ಮನೆಯ ಪುಟ್ಟ ಹುಡುಗಿ ಶಾಲೆಗೆ ಹೊರಟಿದ್ದಾಳೆ. ಅವನು ಮಂಡಿಯೂರಿ ಅವಳ ಬೂಟಿನ ಲೇಸ್ ಕಟ್ಟುತ್ತಾನೆ, ಕೆನ್ನೆ ಸವರಿ ಕಳಿಸುತ್ತಾನೆ. ಆಮೇಲೆ ಎದ್ದು, ಅವಳ ಅಪ್ಪನನ್ನು ಕರೆದೊಯ್ಯುವಂತೆ ತನ್ನವರಿಗೆ ತಲೆಯಾಡಿಸುತ್ತಾನೆ. ಗೇಟಿನವರ ಕೃಪೆಯಿಂದ ಪೋಸ್ಟರಕ್ಕ ಹಿಂದಿನ ಸಾಲಿನಲ್ಲಿ ನಿಂತು ಈ ದೃಶ್ಯವನ್ನು ದಿನಾ ನೋಡುತ್ತಾರೆ.

“ತಂಗೀರಿಗೆ ಜಡೆ ಹಾಕಿದ್ರಲ್ಲ, ಅದೇ ಬೆರಳು. ಅದೇ ಪ್ರೀತಿ. ಒಂಚೂರೂ ಬದಲಾಯಿಸಿಲ್ಲ ನೋಡಿ. ಅದಕ್ಕೇ ಎದೆ ಝಲ್ ಅನ್ನೋದು.”

ಅಣ್ಣನ ಅಭಿಮಾನಿ ಸಂಘಕ್ಕೆ ಮಾತ್ರ ಇದು ನುಂಗಲಾರದ ತುತ್ತು. ಸಂಘದ ಅಧ್ಯಕ್ಷರು ಇದೇ ಬೀದಿಯ ಟೈಲರ್, ಪಾಪದ ಮನುಷ್ಯ. ತಮ್ಮ ಮನೆಯ ಗೋಡೆಯ ಮೇಲಿನ ಅಣ್ಣನ ಪಟವನ್ನು ಮಕ್ಕಳಿಗೆ ಹೇಗೆ ತೋರಿಸುವುದು ಎಂದು ನನ್ನೆದುರು ನಿಜವಾಗಿಯೂ ಕಣ್ಣೀರು ಹಾಕಿದರು. ಎರಡನೇ ವಾರದ ಪಟ್ಟಿಯನ್ನು ಆ ಮುಖದ ಮೇಲೆಯೇ ಹಾಕಿಸಿ, ನಮ್ಮ ಮಾನ ಉಳಿಸಿ ಎಂದು ಮ್ಯಾನೇಜರಿಗೆ ದುಂಬಾಲು ಬಿದ್ದವರೂ ಅವರೇ. ಮ್ಯಾನೇಜರಿಗೆ ಗಲಾಟೆ ಬೇಡ. ಪಟ್ಟಿ ಮುಖದ ಮೇಲೆ ಬೀಳಬೇಕು, ಇಲ್ಲವಾದರೆ ನಾಳೆಯಿಂದ ಏಣಿ ಬೇರೆಯವರಿಗೆ ಎಂದು ನಿನ್ನೆ ಸಂಜೆ ಪೋಸ್ಟರಕ್ಕನಿಗೆ ಖಡಾಖಂಡಿತವಾಗಿ ಹೇಳಿದ್ದಾರೆ.

ಒಂದು ಮುಖಕ್ಕಾಗಿ ಅನ್ನಕ್ಕೆ ಕುತ್ತು ತಂದುಕೊಳ್ಳಬೇಕೇ ಎಂದು ಕೇಳುತ್ತೇನೆ. ಬ್ರಷ್ ನಿಲ್ಲುತ್ತದೆ.

“ಕೆಟ್ಟೋನು ಅಂದ್ರೆ ಕೆಂಪು ಕಣ್ಣು, ಗಹಗಹ ನಗು ಅಂತ ಸಿನಿಮಾದವ್ರು ಇಷ್ಟು ವರ್ಷ ತೋರಿಸ್ಕೊಂಡು ಬಂದ್ರು. ನನ್ನ ಗಂಡ ಯಾವತ್ತೂ ಹಾಗೆ ನಕ್ಕೋನಲ್ಲ. ಅಕ್ಕಪಕ್ಕದವ್ರ ಸಾಮಾನು ಹೊತ್ಕೊಡೋನು, ಮಕ್ಕಳನ್ನ ಆಡಿಸೋನು. ಬಾಗಿಲು ಹಾಕಿದ್ಮೇಲೆ ಬೇರೆ ಮನುಷ್ಯ. ಮಗು ಎತ್ಕೊಂಡು ಆಚೆ ಬಂದೆ, ಕೆಟ್ಟೋಳು ನಾನಾದೆ. ಅಂಥ ಮುಖದೋನು ಕೈ ಮುರೀತಾನಾ ಅಂತ ನಮ್ಮಮ್ಮನೇ ಕೇಳಿದ್ರು.”

ಕಳೆದ ವಾರ ಅವರು ಅಮ್ಮನನ್ನು ಈ ಚಿತ್ರಕ್ಕೆ ಕರೆತಂದಿದ್ದರು. ಅಣ್ಣನ ಚಿತ್ರ ಎಂದಷ್ಟೇ ಹೇಳಿದ್ದರು. ಲೇಸ್ ಕಟ್ಟುವ ದೃಶ್ಯ ಬಂದಾಗ ಕತ್ತಲಲ್ಲಿ ಅಮ್ಮ ಮಗಳ ಎಡಗೈ ಹುಡುಕಿ ಹಿಡಿದುಕೊಂಡರು. ಚಿತ್ರ ಮುಗಿಯುವವರೆಗೂ ಬಿಡಲಿಲ್ಲ. ಆಮೇಲೆ ಅದರ ಬಗ್ಗೆ ಇಬ್ಬರೂ ಮಾತಾಡಿಲ್ಲ, ಮಾತಾಡುವುದೂ ಬೇಡ ಎನ್ನುತ್ತಾರೆ ಪೋಸ್ಟರಕ್ಕ. ಇಷ್ಟು ಹೇಳಿ ಬಕೆಟ್ ಕಲಕುತ್ತಾರೆ.

ಹಳದಿ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅದು ಹೋಗಿ ಕೂರುವುದು ನಾಯಕನ ಮಂಡಿಗಳ ಮೇಲೆ. ಅವನ ಮುಖ ಇದೆ, ಎದೆಯ ಮೇಲಿನ ಪದಕಗಳಿವೆ, ಮಂಡಿ ಕಾಣದಿದ್ದರೆ ಯಾರೂ ಸಾಯುವುದಿಲ್ಲ ಎಂದು ಅಂಗೈಯಿಂದ ಒತ್ತುತ್ತಾರೆ. ಅಷ್ಟರಲ್ಲಿ ಮ್ಯಾನೇಜರ್ ಬೀಗದ ಕೈಗಳ ಗೊಂಚಲು ಆಡಿಸುತ್ತ ಬರುತ್ತಾರೆ. ಹಿಂದೆಯೇ ಟೈಲರ್. ಇಬ್ಬರೂ ತಲೆಯೆತ್ತಿ ನೋಡುತ್ತಾರೆ. ಹಸಿಯಿದೆ, ಕಿತ್ತು ಸರಿಯಾದ ಜಾಗಕ್ಕೆ ಹಾಕು ಎನ್ನುತ್ತಾರೆ ಮ್ಯಾನೇಜರ್. ಪೋಸ್ಟರಕ್ಕ ಬ್ರಷ್ಷನ್ನು ಬಕೆಟಿಗೆ ಹಾಕಿ, ಏಣಿಯ ಮೇಲೇ ಕುಳಿತುಬಿಡುತ್ತಾರೆ.

“ಅಂಟು ಒಣಗೋವರೆಗೂ ನಾನು ಇಳಿಯಲ್ಲ ಸರ್.”

ಇಳಿಯುವುದಿಲ್ಲ. ಮೈದಾ ಅಂಟು ಒಮ್ಮೆ ಒಣಗಿತೆಂದರೆ ಕಾಗದ ಕೀಳಲು ಗೋಡೆಯನ್ನೇ ಕೆರೆಯಬೇಕು, ಇದು ಕೆಳಗಿರುವ ಇಬ್ಬರಿಗೂ ಗೊತ್ತು. ಇರುವುದು ಒಂದೇ ಏಣಿ, ಅದೂ ಚಿತ್ರಮಂದಿರದ್ದು. ಅದರ ಮೇಲೆ ಅವರು ಕುಳಿತಿದ್ದಾರೆ. ಬಿಸಿಲು ಮೆಲ್ಲನೆ ಗೋಡೆಗೆ ಇಳಿಯುತ್ತದೆ. ಮುಂದಿನ ವಾರದಿಂದ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮ್ಯಾನೇಜರ್ ಗುಡುಗುತ್ತಾರೆ. ನೋಡಿಕೊಳ್ಳಿ, ಈ ವಾರ ಮಾತ್ರ ನನ್ನದು ಎಂದು ಮೇಲಿಂದ ಉತ್ತರ ಬರುತ್ತದೆ. ಟೈಲರ್ ಪೋಸ್ಟರಿನ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ.

ಹಾಲಿನ ಕ್ಯಾನ್ ಹಿಡಿದ ವಯಸ್ಸಾದ ಹೆಂಗಸೊಬ್ಬರು ಗೋಡೆಯ ಮುಂದೆ ನಿಲ್ಲುತ್ತಾರೆ. ಖಳನ ಮುಖ ದಿಟ್ಟಿಸಿ, ನೆಟಿಗೆ ಮುರಿದು, ಮಗು ಮುಂದೆ ನಾಟಕ ಆಡಿದ ಇವನ ಕೈ ಸೇದಿಹೋಗಲಿ ಎಂದು ಶಾಪ ಹಾಕುತ್ತಾರೆ. ಹಾಕಿ, ಮ್ಯಾನೇಜರ್ ಕಡೆ ತಿರುಗಿ, ಬೆಳಗಿನ ಆಟ ಎಷ್ಟೊತ್ತಿಗೆ, ಸೊಸೆಯನ್ನೂ ಕರೆತರಬೇಕು ಎಂದು ವಿಚಾರಿಸುತ್ತಾರೆ. ಮ್ಯಾನೇಜರ್ ಹೊತ್ತು ಹೇಳುತ್ತಾರೆ. ಏಣಿಯ ಮೇಲಿದ್ದವರಿಗೆ ನಗು ತಡೆಯಲಾಗುತ್ತಿಲ್ಲ.

“ಅಣ್ಣನಿಗೆ ಇದೇ ಚಪ್ಪಾಳೆ” ಎನ್ನುತ್ತಾರೆ ಪೋಸ್ಟರಕ್ಕ.

ಪಟ್ಟಿಯ ಮೂಲೆಯನ್ನು ಉಗುರಿನಿಂದ ಕೆರೆದು ನೋಡಿ, ಏಳದಿರುವುದು ಖಾತ್ರಿಯಾದ ಮೇಲೆ ಅವರು ಇಳಿಯುತ್ತಾರೆ. ಮ್ಯಾನೇಜರ್ ಅವರತ್ತ ನೋಡುವುದಿಲ್ಲ. ಅಕ್ಕನ ಏಣಿ ಒಳಗಿಡು ಎಂದು ಗೇಟಿನವರಿಗೆ ಹೇಳಿ ಆಫೀಸಿನ ಕಡೆ ನಡೆಯುತ್ತಾರೆ. ಮುಂದಿನ ವಾರದ ಮಾತು ಮತ್ತೆ ಎತ್ತುವುದಿಲ್ಲ. ಪೋಸ್ಟರಕ್ಕನೂ ಕೇಳುವುದಿಲ್ಲ.

ಅಣ್ಣನನ್ನು ಒಮ್ಮೆ ಭೇಟಿ ಮಾಡುವ ಆಸೆಯಿದೆಯೇ ಎಂದು ಕೇಳುತ್ತೇನೆ. ಎದುರು ಬಂದರೆ ತನಗೆ ಮಾತೇ ಹೊರಡಲಿಕ್ಕಿಲ್ಲ ಎಂದು ತಲೆಯಾಡಿಸುತ್ತಾರೆ. ನಲ್ಲಿಯ ಕೆಳಗೆ ಎಡಗೈಯ ಅಂಟು ತೊಳೆದುಕೊಳ್ಳುತ್ತ, ತಲೆಯೆತ್ತಿ ಆ ಮುಖವನ್ನು ಒಮ್ಮೆ ನೋಡುತ್ತಾರೆ.

“ನಮ್ಮಮ್ಮ ನೋಡಿದ್ರಲ್ಲ. ಇನ್ನೂ ಯಾರ್ಯಾರ ಅಮ್ಮಂದಿರು ನೋಡೋದಿದೆ. ಅಲ್ಲೀವರೆಗೂ ಆ ಮುಖ ಮುಚ್ಚಕ್ಕೆ ನಾನು ಬಿಡಲ್ಲ.”