ನೆಟಿಗೆ ತೆಗೆಯದ ಮುರಿಗೆಪ್ಪ

ನನ್ನ ಕತ್ತಿನ ನೋವು ಶುರುವಾದದ್ದು ಐವತ್ತಾರನೆಯ ಇಸವಿಯಲ್ಲಿ. ಬೈಕುಲ್ಲಾದ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆಯವರೆಗೆ ಹಲಗೆಯ ಮೇಲೆ ಬಗ್ಗಿ ಗೆರೆ ಎಳೆಯುವುದು, ಆಮೇಲೆ ಲೋಕಲ್‌ನಲ್ಲಿ ನೇತಾಡಿಕೊಂಡು ಮಲಾಡಿನ ಮನೆ ಸೇರುವುದು. ಹತ್ತು ವರ್ಷ ಹೀಗೆ ಬಗ್ಗಿದ ಕತ್ತು ಸುಮ್ಮನಿದ್ದೀತೇ? ಮಧ್ಯಾಹ್ನ ಎರಡಕ್ಕೆ ಬಲಭುಜದ ಮೇಲೆ ಹಿಡಿದ ನೋವು ನಾಲ್ಕಕ್ಕೆ ತಲೆಯ ಹಿಂಭಾಗಕ್ಕೆ ಏರಿ, ಐದಕ್ಕೆ ಹುಬ್ಬಿನ ಹಿಂದೆ ಬಂದು ಕೂರುತ್ತಿತ್ತು. ಹಣೆಗೆ ಮುಲಾಮು ತಿಕ್ಕಿ ತಿಕ್ಕಿ ಸಾಕಾದ ನನ್ನ ಹೆಂಡತಿ ವಿಮಲಾ, "ನಿಮ್ಮ ಹಣೆಯೇನೋ ತಣ್ಣಗಾಗುತ್ತೆ, ನನ್ನ ಬೆರಳು ಉರಿಯುತ್ತೆ, ಅನ್ನ ಕಲಸೋಕೂ ಆಗೊಲ್ಲ" ಎನ್ನುತ್ತಿದ್ದಳು.

ಆಫೀಸಿನ ಪಕ್ಕದ ಕ್ಷೌರದಂಗಡಿಯವನು ಕಟಿಂಗ್ ಮುಗಿಸಿದ ಮೇಲೆ ಗಲ್ಲ ಹಿಡಿದು ಕತ್ತನ್ನು ಅತ್ತ ಒಮ್ಮೆ, ಇತ್ತ ಒಮ್ಮೆ ತಿರುವಿ ನೆಟಿಗೆ ತೆಗೆಯುತ್ತಿದ್ದ. ಲಟಕ್ಕೆಂದಾಗ ಅರ್ಧ ಗಂಟೆ ಸ್ವರ್ಗ, ಆಮೇಲೆ ಯಥಾಪ್ರಕಾರ. ಅವನ ಕೈಗಿಂತ ಗಟ್ಟಿಯಾದ ಕೈ ಸಿಕ್ಕರೆ ನೋವು ಪೂರ್ತಿ ಹೋದೀತೆಂದು ನನ್ನ ಎಣಿಕೆ. ಓದಿದವನ ಬುದ್ಧಿ ಇಷ್ಟೇ. ಮಾರ್ಕೆಟ್ಟಿನ ಹಿಂದೆ ಮಿಲ್ ಕೆಲಸಗಾರರ ಕುಸ್ತಿ ತಾಲೀಮು, ಅಂದರೆ ಗರಡಿಮನೆ, ಇದೆ, ಅಲ್ಲಿ ಮುರಿಗೆಪ್ಪನೆಂಬ ಹಳೆಯ ಪೈಲ್ವಾನನಿದ್ದಾನೆ, ಅವನ ನೆಟಿಗೆಗೆ ಸಮನಾದ ನೆಟಿಗೆ ಮುಂಬಯಿಯಲ್ಲೇ ಇಲ್ಲ ಎಂದು ಯಾರೋ ಹೇಳಿದರು. ಒಂದು ಬೆಳಗ್ಗೆ ಆಫೀಸಿಗೆ ಮುಂಚೆ ಹೋದೆ.

ತಗಡಿನ ಮಾಡಿನ ಕೆಳಗೆ ಕುಸ್ತಿಯಾಡುವ ಕೆಮ್ಮಣ್ಣಿನ ಮಟ್ಟಿ, ಅದರ ಪಕ್ಕದಲ್ಲಿ ಖೋಲಿ ಎನ್ನುವ ಒಂದು ಕೋಣೆ. ಮುರಿಗೆಪ್ಪ ಗೋಕಾಕದ ಕಡೆಯವನು. ಐವತ್ತರ ಆಸುಪಾಸು, ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಮುದುಡಿಹೋದ ಕಿವಿಗಳು, ತಲೆಗೆ ರುಮಾಲು. ಹತ್ತು ಗಂಟೆಯ ಮೇಲೆ ಅವನು ಪರೇಲಿನ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಕೈಕಾಲಿನ ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ವಿಭಾಗದಲ್ಲಿ ಆಳು. ಬೆಳಗಿನ ಹೊತ್ತು ಈ ಖೋಲಿಯಲ್ಲಿ ಪೆಟ್ಟು ತಿಂದ ಆಟಗಾರರನ್ನು ನೋಡುತ್ತಿದ್ದ. ನಾನು ಕುಳಿತು ಕತ್ತು ಒಡ್ಡಿದೆ.

"ನೆಟಿಗೆ ನಾ ತೆಗಿಯಂಗಿಲ್ರಿ" ಎಂದ. "ನೀವು ಆಫೀಸಿನ್ಯಾಗ ಹೆಂಗ ಕುಂದರತೀರಿ, ಹಂಗ ಕುಂತು ತೋರಸ್ರಿ."

ನಾನು ಇಲ್ಲದ ಹಲಗೆಯ ಮೇಲೆ ಬಗ್ಗಿದೆ. ಅವನು ಒಂದು ಬೆರಳಿನಿಂದ ನನ್ನ ಗದ್ದವನ್ನು ಮೆಲ್ಲಗೆ ಹಿಂದಕ್ಕೆ ನೂಕಿದ. "ಹಲಗಿ ಕೆಳಗ ಇಟ್ಟಂಗಿ ಇಟ್ಟು ಎತ್ತರಿಸ್ರಿ. ಹಲಗಿ ಮ್ಯಾಲ ಬರಲಿ, ನೀವು ಕೆಳಗ ಹೋಗಬ್ಯಾಡ್ರಿ. ತಲಿದಿಂಬು ಎಷ್ಟು ಅದಾವು?"

"ಎರಡು."

"ಒಂದ ತಗದ ಒಗೀರಿ. ಇದ್ದದ್ದು ತೆಳ್ಳಗ ಇರಲಿ."

ಆಮೇಲೆ ಅಂಗೈಯನ್ನು ಹಣೆಗೆ ಕೊಟ್ಟು, ಕತ್ತು ಅಲ್ಲಾಡದಂತೆ ಕೈಗೆ ತಲೆಯನ್ನು ಒತ್ತಿ ಹತ್ತು ಎಣಿಸಲು ಹೇಳಿದ. ಹಾಗೆಯೇ ಹಿಂದೆ, ಎಡಕ್ಕೆ, ಬಲಕ್ಕೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಇದು ಪ್ರೈಮರಿ ಶಾಲೆಯ ಡ್ರಿಲ್ಲು, ಇದಕ್ಕೆ ಪೈಲ್ವಾನ ಯಾಕೆ ಎಂದು ನನಗೆ ರೇಗಿತು. ಆದರೂ ವಿಮಲಾಳ ಬೆರಳಿನ ಮೇಲಿನ ಕನಿಕರದಿಂದ ಇಟ್ಟಿಗೆ ಇಟ್ಟೆ, ದಿನಾ ಬೆಳಗ್ಗೆ ಖೋಲಿಗೆ ಹೋಗಿ ಆ ಡ್ರಿಲ್ಲನ್ನೂ ಮಾಡತೊಡಗಿದೆ. ಆಫೀಸಿನಲ್ಲಿ "ನಾಣಿ ಮನೆ ಕಟ್ಟಿಸ್ತಿದ್ದಾನೆ" ಎಂದು ನಕ್ಕರು.

ಆ ಖೋಲಿಯಲ್ಲಿ ದಿನಾ ನನಗಿಂತ ಮೊದಲೇ ಬಂದಿರುತ್ತಿದ್ದವನು ಚೆನ್ನಯ. ಉಡುಪಿ ಕಡೆಯವನು, ಇಪ್ಪತ್ತೆಂಟರ ಪ್ರಾಯ, ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಕೆಲಸ. ಹಿಂದೆ ಅಲ್ಲಿ ರುಬ್ಬುವ ಕಲ್ಲಿನ ಮುಂದೆ ಕೂತರೆ ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದನಂತೆ, ಸಂಜೆ ಬಂದು ಕುಸ್ತಿ ಬೇರೆ. ಈಗ ಬಲಗೈ ಭುಜದ ಎತ್ತರಕ್ಕೆ ಬರುವುದೇ ಕಷ್ಟ. ತೊಲೆಗೆ ಕಟ್ಟಿದ ರಾಟೆಯಲ್ಲಿ ಹಗ್ಗ. ಎಡಗೈಯಿಂದ ಒಂದು ತುದಿ ಎಳೆದರೆ ಇನ್ನೊಂದು ತುದಿ ಬಲಗೈಯನ್ನು ಮೇಲೆತ್ತುತ್ತಿತ್ತು. ಮುರಿಗೆಪ್ಪ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ. ಹೊಸಬರು ಯಾರು ಬಂದರೂ ಚೆನ್ನಯ ತನ್ನ ಕಥೆ ಹೇಳದೆ ಬಿಡುತ್ತಿರಲಿಲ್ಲ.

"ನಾಲ್ಕು ವರ್ಷದ ಹಿಂದೆ ಮಟ್ಟಿಯಲ್ಲಿ ತಲೆಕೆಳಗಾಗಿ ಬಿದ್ದೆ ಮಾರಾಯ್ರೆ. ಕುತ್ತಿಗೆಯಿಂದ ಬೆರಳಿನ ತನಕ ಬೆಂಕಿ ಹೋದ ಹಾಗೆ ಆಯ್ತು. ಈ ಮುರಿಗೆಪ್ಪಣ್ಣ ಓಡಿ ಬಂದು ಎತ್ತಿ ಕೂರಿಸಿ ನೆಟಿಗೆ ತೆಗೆದ್ರು. ಆ ಹೊತ್ತಲ್ಲಿ ಅವರು ತೆಗೆಯದಿದ್ರೆ ನನ್ನ ಪ್ರಾಣವೇ ಹೋಗ್ತಿತ್ತು. ಹೋದದ್ದು ಬರೀ ಕೈ. ಅದನ್ನೂ ಈಗ ಅವರೇ ವಾಪಸು ತರ್ತಿದ್ದಾರೆ."

ಅವನು ಇದನ್ನು ಹೇಳುವಾಗ ಮುರಿಗೆಪ್ಪ ಗೋಡೆಯ ಕಡೆ ತಿರುಗಿ ಟವೆಲು ಮಡಚುತ್ತಿರುತ್ತಿದ್ದ. ವಿನಯವಿರಬೇಕು ಅಂದುಕೊಂಡೆ.

ಒಂದು ಬೆಳಗ್ಗೆ ನನ್ನ ತಲೆನೋವು ಜೋರಾಗಿತ್ತು. ಇಟ್ಟಿಗೆ ಇಟ್ಟು ಎರಡೇ ವಾರ, ನನಗೋ ತಾಳ್ಮೆಯಿಲ್ಲ. ಚೆನ್ನಯ ಹೋಟೆಲಿಗೆ ಹೊರಟುಹೋಗಿದ್ದ. ಖೋಲಿಯಲ್ಲಿ ನಾವಿಬ್ಬರೇ. "ಆ ಹುಡುಗನ ಪ್ರಾಣ ಉಳಿಸೋಕೆ ಬಂದ ನೆಟಿಗೆ ನನ್ನ ತಲೆನೋವಿಗೆ ಬರಲ್ವೇ ಮುರಿಗೆಪ್ಪನವರೇ? ಇಲ್ಲಾ ವಯಸ್ಸಾಯ್ತು, ಕೈಯಲ್ಲಿ ಬಲ ಇಲ್ಲವೋ?" ಎಂದುಬಿಟ್ಟೆ.

ಅವನು ಬಾಗಿಲು ಮುಂದೆ ಮಾಡಿ ನನ್ನೆದುರು ಕುಳಿತ.

"ನಮ್ಮ ತಾಲೀಮಿನ್ಯಾಗ ಪದ್ಧತಿ ಇತ್ರಿ. ಕುಸ್ತಿ ಆದ ಮ್ಯಾಲ ದೊಡ್ಡಾವ ಸಣ್ಣಾವಂಗ ಎಣ್ಣಿ ತಿಕ್ಕಿ ನೆಟಿಗಿ ತಗೀಬೇಕು. ಅದ ಪ್ರೀತಿ, ಅದ ಆಶೀರ್ವಾದ. ಲಟಕ್ ಅನ್ನದಿದ್ರ ಯಾರೂ ಮನಿಗೆ ಹೋಗತಿದ್ದಿಲ್ಲ. ಚೆನ್ನಯ ಬಿದ್ದಾಗ ಅವನ ಕೈ ಆಡತಿತ್ರಿ. ಬೆರಳು ಮಡಚಿ ತೋರಿಸಿದ. ಉರೀತೈತಿ ಅಂದ, ಅಷ್ಟ. ನಾ ಕೂಡಿಸಿ ತಿರುವಿದೆ. ಲಟಕ್ ಅಂತು. ತೊಡಿ ಮ್ಯಾಲಿದ್ದ ಅವನ ಬಲಗೈ ಜಾರಿ ಕೆಳಗ ಬಿತ್ತು. ಇಪ್ಪತ್ತು ಮಂದಿ ನಿಂತು ನೋಡಿದ್ರು. ದಿನಾ ಮಾಡೂದಲ್ಲೇನ್ರಿ, ಯಾರಿಗೂ ತಪ್ಪು ಅನಸಲಿಲ್ಲ. ನನಗೂ ಅನಸಲಿಲ್ಲ."

"ಮತ್ತೆ?"

"ಆಸ್ಪತ್ರಿಯೊಳಗ ಪರೀಕ್ಷಾ ಮಾಡೂದಕ್ಕ ಮೊದಲ ಡಾಕ್ಟರ್ ಮರಾಠಿಯೊಳಗ ಕೇಳಿದ್ರು, ಬಿದ್ದ ಮ್ಯಾಲ ಯಾರರೆ ಕುತಿಗಿ ತಿರುವಿದ್ರೇನು ಅಂತ. ಚೆನ್ನಯಗ ಆಗ ಮರಾಠಿ ತಿಳೀತಿದ್ದಿಲ್ಲ. ನಾ ಇಲ್ಲ ಅಂದೆ. ಅವರಂದ್ರು, ತಿರುವಲಿಲ್ಲ, ಪುಣ್ಯಾ. ಬಿದ್ದಾವನ್ನ ಬಿದ್ದಲ್ಲೇ ಅಲ್ಲಾಡಿಸದ ಮಲಗಿಸಬೇಕು, ತಿರುವಿದ್ರ ನರ ಹರಿದು ಕೈ ಹೋಗತಿತ್ತು ಅಂತ. ಕೈ ಆಗಲೇ ಹೋಗಿತ್ರಿ. ಆಮ್ಯಾಲ ಪರೀಕ್ಷಾ ಮಾಡಿದಾಗ ಅವರಿಗೂ ತಿಳೀತು. ಪೆಟ್ಟು ಬಿದ್ದಾಗಲೇ ಹೋಗಿರಬೇಕು ಅಂತ ಬರಕೊಂಡ್ರು."

ಆಮೇಲೆ ಹನ್ನೊಂದು ತಿಂಗಳು ಮುರಿಗೆಪ್ಪ ತಾನು ಆಗ ಕೆಲಸಕ್ಕಿದ್ದ ಮಿಲ್ಲಿಗೆ ರಜೆ ಹಾಕಿ, ರಜೆ ಮುಗಿದ ಮೇಲೆ ಮಿಲ್ಲನ್ನೇ ಬಿಟ್ಟು, ಚೆನ್ನಯನನ್ನು ದಿನಾ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ವ್ಯಾಯಾಮ ಮಾಡಿಸುವುದನ್ನು ನೋಡಿ ನೋಡಿ ಕಲಿತ. ಕೊನೆಗೆ ಅವರೇ ಕೆಲಸಕ್ಕೆ ಇಟ್ಟುಕೊಂಡರು. ಅಂದಿನಿಂದ ತಾಲೀಮಿನಲ್ಲಿ ಯಾರ ಕತ್ತಿಗೂ ಕೈ ಹಾಕಿಲ್ಲ. ಕಾರಣ ಮಾತ್ರ ಯಾರಿಗೂ ಹೇಳಿಲ್ಲ.

"ಚೆನ್ನಯನಿಗೆ ಹೇಳೋದಿಲ್ವೇ?" ಎಂದೆ.

"ಹೇಳಬೇಕ್ರಿ" ಎಂದ.

ಆಮೇಲೆ ಒಂದು ವರ್ಷ ಹತ್ತಿರ ಹತ್ತಿರ ನಾನು ಇದೇ ಪ್ರಶ್ನೆ ಕೇಳಿದೆ, ಅವನು ಇದೇ ಉತ್ತರ ಕೊಟ್ಟ. ಅಷ್ಟರಲ್ಲಿ ನನ್ನ ತಲೆನೋವು ವಾರಕ್ಕೊಮ್ಮೆಗೆ ಇಳಿದು, ಆಮೇಲೆ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ ಎನ್ನುವಂತಾಗಿತ್ತು. ಅವನ ಮೇಲೆ ನನಗೆ ಗೌರವವಿತ್ತು, ಸಿಟ್ಟೂ ಇತ್ತು. ನಮ್ಮಂಥವರಿಗೆ ಇಂಥ ಸಿಟ್ಟು ಸುಲಭ, ಹೇಳಬೇಕಾದದ್ದು ನಮ್ಮ ಬಾಯಲ್ಲಿ ಇರುವುದಿಲ್ಲವಲ್ಲ.

ಐವತ್ತೇಳರ ನಾಗರಪಂಚಮಿ. ತಾಲೀಮುಗಳಿಗೆ ಅದು ದೊಡ್ಡ ಹಬ್ಬ. ಮಟ್ಟಿಗೆ ಪೂಜೆ, ನಾಲ್ಕಾರು ಜೋಡಿ ಕುಸ್ತಿ. ಮುರಿಗೆಪ್ಪನ ಹೆಂಡತಿ ಕಾಶವ್ವ ಬುಟ್ಟಿ ತುಂಬ ಎಳ್ಳುಂಡೆ ಕಟ್ಟಿ ತಂದಿದ್ದಳು. ನನ್ನನ್ನೂ ಕರೆದಿದ್ದರು. ಚೆನ್ನಯ ತನ್ನ ಹೋಟೆಲಿನ ಅಂಗಾರನೆಂಬವನನ್ನು ಕುಸ್ತಿಗೆ ಇಳಿಸಿದ್ದ. ಅಂಗಾರ ಎದುರಾಳಿಯ ಭುಜದ ಮೇಲಿಂದ ಉರುಳಿ ತಲೆಕೆಳಗಾಗಿ ಬಿದ್ದ. ಎದ್ದು ಕೂತ, ಕುತ್ತಿಗೆ ಹಿಡಿದುಕೊಂಡ, ತೋಳು ಜುಮುಗುಡುತ್ತದೆ ಎಂದ.

ಚೆನ್ನಯ ಅವನ ಹಿಂದೆ ಮಂಡಿಯೂರಿದ. ಬಲಗೈ ಈಗ ಕುಳಿತವನ ಗದ್ದದವರೆಗೆ ಬರುತ್ತಿತ್ತು. "ಹೆದರಬೇಡ. ಅಣ್ಣ ನನ್ನ ಪ್ರಾಣ ಉಳಿಸಿದ್ದು ಹೀಗೆಯೇ. ಇವತ್ತು ಈ ಕೈಯಿಂದ ನಾನು ತೆಗೀತೇನೆ" ಎಂದ. ಸುತ್ತ ನಿಂತವರಿಗೆ ಸಂತೋಷವಾಯಿತು. ಹೋದ ಕೈ ಬಂದು ಇನ್ನೊಬ್ಬನಿಗೆ ನೆಟಿಗೆ ತೆಗೆಯುವುದೆಂದರೆ ಹಬ್ಬದ ದಿನ ಅದಕ್ಕಿಂತ ದೊಡ್ಡ ಮಾತುಂಟೇ?

ಮುರಿಗೆಪ್ಪ ಆರತಿ ತಟ್ಟೆಯನ್ನು ನೆಲಕ್ಕಿಟ್ಟು ಮಟ್ಟಿಗೆ ಇಳಿದ. "ಚೆನ್ನಯ, ಕೈ ತಗಿ."

"ಯಾಕಣ್ಣ? ನೀವು ಮಾಡಿದ್ದೇ ಅಲ್ವಾ?"

"ನಾ ಮಾಡಿದ್ದ ತಪ್ಪೈತಿ. ನಿನ್ನ ಕೈ ಹೋಗಿದ್ದು ಬಿದ್ದಿದ್ದಕ್ಕಲ್ಲ, ನಾ ತಿರುವಿದ್ದಕ್ಕ. ಡಾಕ್ಟರ್ ಕೇಳಿದಾಗ ಸುಳ್ಳ ಹೇಳೀನಿ. ಮೊದಲನೇ ದಿನದಿಂದ ನನಗ ಗೊತ್ತೈತಿ."

ಚೆನ್ನಯ ಅಂಗಾರನ ಗದ್ದದಿಂದ ಕೈ ತೆಗೆದ. ಮುರಿಗೆಪ್ಪ ಅಂಗಾರನನ್ನು ಹಾಗೇ ಅಂಗಾತ ಮಲಗಿಸಿ, ಕತ್ತಿನ ಎರಡೂ ಪಕ್ಕಕ್ಕೆ ಟವೆಲು ಸುತ್ತಿಟ್ಟು, ಬಾಗಿಲ ಹಲಗೆಯ ಮೇಲೆ ಹೊರಿಸಿ ಆಸ್ಪತ್ರೆಗೆ ಸಾಗಿಸಿದ. ಅಲ್ಲಿ ಹತ್ತು ದಿನ ಮಲಗಿಸಿಕೊಂಡರು, ಅಂಗಾರ ಗುಣವಾಗಿ ಎದ್ದುಬಂದ. ಚೆನ್ನಯ ಮಾತ್ರ ಅಂದು ಅಂಗಿ ತೊಟ್ಟು ಹೊರಟವನು ಮತ್ತೆ ತಾಲೀಮಿನ ಕಡೆ ಸುಳಿಯಲಿಲ್ಲ.

ಮುರಿಗೆಪ್ಪ ದಿನಾ ಬೆಳಗ್ಗೆ ರಾಟೆಯ ಹಗ್ಗ ಇಳಿಬಿಟ್ಟು ಕಾಯುತ್ತಿದ್ದ. ಒಂದು ವಾರ, ಎರಡು ವಾರ. "ಇನ್ನೊಂದು ತಿಂಗಳು ಹಿಂಗ ಬಿಟ್ರ ಭುಜ ಬಿಗಿದು ಹೋಗತೈತ್ರಿ. ಐದು ವರ್ಷದ ಕೆಲಸ ಹೊಳ್ಯಾಗ ಹುಣಸಿಹಣ್ಣು ತೊಳದಂಗ. ನೀವರೆ ಹೋಗಿ ಹೇಳ್ರಿ ಸಾಹೇಬ್ರ. ನನ್ನ ಮ್ಯಾಲಿನ ಸಿಟ್ಟು ತನ್ನ ಭುಜದ ಮ್ಯಾಲ ತೀರಿಸಬ್ಯಾಡ ಅನ್ರಿ" ಎಂದ.

ಹೋದೆ. ಮಧ್ಯಾಹ್ನ ಮೂರರ ಹೊತ್ತು, ಹೋಟೆಲಿನಲ್ಲಿ ಐದಾರು ಗಿರಾಕಿಗಳು. ಚೆನ್ನಯ ಕೌಂಟರಿನಲ್ಲಿ ಎಡಗೈಯಿಂದ ಚಹಾ ಸೋಸುತ್ತಿದ್ದ. ಹೇಳಬೇಕಾದದ್ದನ್ನು ಹೇಳಿದೆ. ತಿಳಿಯದೆ ಮಾಡಿದ ತಪ್ಪು, ಐದು ವರ್ಷ ನಿನ್ನನ್ನು ಹೊತ್ತು ತಿರುಗಿದ್ದಾನೆ ಎಂದೂ ಸೇರಿಸಿದೆ.

"ಕೈ ಹೋದದ್ದಕ್ಕೆ ಸಿಟ್ಟಿಲ್ಲ ಸಾರ್" ಎಂದ ಚೆನ್ನಯ. "ಆಗ ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವತ್ತು ನನ್ನ ಕೈಯಿಂದ ಅಂಗಾರನದ್ದೂ ಹೋಗ್ತಿತ್ತು. ಆದ್ರೆ ಇವರೇ ನನ್ನ ಪ್ರಾಣ ಉಳಿಸಿದ್ದು ಅಂತ ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಅವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡ್ರು. ಊರಿಗೆ ಅಮ್ಮನಿಗೆ ಕಾಗದ ಬರೆಸಿದೆ. ಅಮ್ಮ ದೇವರಿಗೆ ಹಚ್ಚುವ ದೀಪದಲ್ಲಿ ಒಂದು ಬತ್ತಿ ಇವರ ಹೆಸರಲ್ಲಿ ಹಚ್ಚುತ್ತಾರೆ. ತಾಲೀಮಿನ ಹುಡುಗರೆಲ್ಲ ದಸರಾಕ್ಕೆ ಗುರುವಿನ ಕಾಲಿಗೆ ಬೀಳ್ತಾರಲ್ಲ, ಹಾಗೆ ಐದು ದಸರಾ ಈ ಜೀವ ಅವರ ಕಾಲಿಗೆ ಅಡ್ಡಬಿತ್ತು. ಅವರು ಬೀಳಿಸಿಕೊಂಡ್ರು."

ಕೊಟ್ಟ ಚಹಾ ಹಾಗೇ ಬಿಟ್ಟು ಹೊರಬಂದೆ. ಮರುದಿನ ಮುರಿಗೆಪ್ಪನಿಗೆ ಒಂದಕ್ಷರ ಬಿಡದೆ ಒಪ್ಪಿಸಿದೆ. ಮರೆಮಾಚಬಹುದಿತ್ತು, ಆದರೆ ಅಷ್ಟು ವರ್ಷದ ಮರೆಮಾಚುವಿಕೆಯೇ ಸಾಕಾಗಿತ್ತು. ಅವನು ಕೇಳಿ ಎದ್ದು, "ನಡೀರಿ" ಎಂದ.

ನಾವು ಹೋದಾಗ ಬೆಳಗಿನ ತಿಂಡಿಯ ಗದ್ದಲ. ಮುರಿಗೆಪ್ಪ ನೇರ ಕೌಂಟರಿನ ಒಳಗೆ ಹೋದ. ರುಮಾಲು ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಮಟ್ಟಿಯಲ್ಲಿ ಯಾರೆದುರೂ ಬೆನ್ನು ನೆಲಕ್ಕೆ ತಾಗಿಸದ ಆ ದೊಡ್ಡ ಶರೀರ ಒದ್ದೆ ನೆಲದ ಮೇಲೆ ಉದ್ದಕ್ಕೆ ಮಲಗಿ, ತನಗಿಂತ ಇಪ್ಪತ್ತು ವರ್ಷ ಕಿರಿಯನ ಪಾದಕ್ಕೆ ಹಣೆ ಹಚ್ಚಿತು. ಚೆನ್ನಯ ಈಗ ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ನಾನು ಕಾದೆ. ಅವನ ಕಣ್ಣಲ್ಲಿ ನೀರಿತ್ತು. ಅವನು ಎತ್ತಲಿಲ್ಲ, ಕಾಲನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಮುರಿಗೆಪ್ಪ ತಾನಾಗಿ ಎದ್ದ.

"ಸೋಮವಾರದಿಂದ ವ್ಯಾಯಾಮಕ್ಕೆ ಬರ್ತೇನೆ" ಎಂದ ಚೆನ್ನಯ. "ದಸರಾಕ್ಕೆ ಬರುವುದಿಲ್ಲ."

"ಆತು" ಎಂದ ಮುರಿಗೆಪ್ಪ.

ಸೋಮವಾರ ಚೆನ್ನಯ ಬಂದ. ಮುರಿಗೆಪ್ಪ ಪಕ್ಕದಲ್ಲಿ ನಿಂತು ಎಣಿಸಿದ. ಆ ದಸರೆಗೆ ಚೆನ್ನಯ ಬರಲಿಲ್ಲ, ಮುಂದಿನ ದಸರೆಗೂ ಬರಲಿಲ್ಲ. ಎರಡು ದಸರೆಗೂ ಮುರಿಗೆಪ್ಪ ಬೆಳಗ್ಗೆಯೇ ಸ್ನಾನ ಮಾಡಿ ಖೋಲಿಯ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದ. ಬೇರೆ ಹುಡುಗರು ಬಂದು ಬಾಗಿಲು ತಟ್ಟಿದರೂ ನಮಸ್ಕಾರಕ್ಕೆ ಕಾಲು ಕೊಡಲಿಲ್ಲ.