ಹುಳದ ಮನೆಯೊಳಗೆ ಫೋನು

ಅಜ್ಜಿಯ ಹಲ್ಲಿಗೆ ಇಕ್ಕಳ ಹಾಕಬೇಕು, ಅಷ್ಟರಲ್ಲಿ ನನ್ನ ಏಪ್ರನ್ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ದೊಡ್ಡಆಲಹಳ್ಳಿಯಲ್ಲಿ ನಮ್ಮ ದಂತ ಕಾಲೇಜಿನ ಶಿಬಿರ; ಅಜ್ಜಿ ಅದೇ ಊರಲ್ಲಿ ರೇಷ್ಮೆ ಹುಳು ಸಾಕುವವರು. ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಮುಟ್ಟಿ ಮೇಡಂ ಹತ್ತಿರ ಬೈಸಿಕೊಂಡವರು ನಮ್ಮ ಬ್ಯಾಚಿನಲ್ಲಿ ಬೇಕಾದಷ್ಟು ಜನ. ನಾನು ಅಲುಗಾಡಲಿಲ್ಲ. ಅದು ನಿಂತು ಮತ್ತೆ ಬಡಿದುಕೊಂಡಿತು.

"ಎತ್ಕೊ ಮಗ, ಏನ್ ಅರ್ಜೆಂಟೋ" ಎಂದರು ಅಜ್ಜಿ. ಹಲ್ಲು ಕೀಳುವುದನ್ನು ಒಂದು ಗಳಿಗೆ ಮುಂದೂಡಲು ಅವರಿಗೊಂದು ನೆಪ ಬೇಕಿತ್ತು.

"ಗ್ಲೌಸ್ ಹಾಕಿದ್ಮೇಲೆ ಬೇರೆ ಏನೂ ಮುಟ್ಟಂಗಿಲ್ಲ ಅಜ್ಜಿ. ನಿಮಗೇ ಸೋಂಕು ತಗಲುತ್ತೆ."

ಅಜ್ಜಿ ತಾವೇ ನನ್ನ ಜೇಬಿಗೆ ಕೈಹಾಕಿ, ಫೋನ್ ತೆಗೆದು, ಇಂಜೆಕ್ಷನ್ನಿಗೆ ಮರಗಟ್ಟಿದ ತುಟಿಯಲ್ಲೇ ಮಾತಾಡಿದರು: "ಯಾರವ್ವ, ತಾಯಾ? ನಿನ್ ಮಗಳು ಹುಳದ ಮನೆ ಒಳಗೆ ಇದ್ದಂಗವಳೆ ಕಣವ್ವ. ಈಗ ಏನೂ ಮುಟ್ಟಂಗಿಲ್ವಂತೆ. ಒಸಿ ತಡ್ಕೊಂಡು ಮಾಡು."

ನಮ್ಮದೂ ರೇಷ್ಮೆ ಹುಳು ಸಾಕುವ ಮನೆ. ಹುಳುಗಳಿಗೆ ರೋಗ ತಗಲುತ್ತದೆಂದು ಕೈಕಾಲು ತೊಳೆಯದವರನ್ನು ಹುಳದ ಮನೆಯ ಹೊಸ್ತಿಲು ದಾಟಲು ಬಿಡದ ಅಮ್ಮ ತಕ್ಷಣ ಫೋನ್ ಇಟ್ಟಳು. ನಗುನಗುತ್ತಾ ಬಾಯಿ ತೆರೆದ ಅಜ್ಜಿಯ ಹಲ್ಲು ಸಲೀಸಾಗಿ ಬಂತು.

ಈಗ ಅಮ್ಮ ಫೋನ್ ಮಾಡಿದರೆ, ಊಟ ಆಯಿತಾ ಎನ್ನುವುದಕ್ಕೂ ಮೊದಲು ಕೇಳುತ್ತಾಳೆ: "ಹುಳದ ಮನೆಯಿಂದ ಈಚೆಗೆ ಬಂದ್ಯಾ?"