ಜೊತೆಗಾರರ ಮನಸ್ಸು ತಾಳೆ ನೋಡುವ ಅಕ್ಕ

ಬೆಳಗಿನ ಆರು ಗಂಟೆ. ನಾಲ್ಕನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕುಳಿತ ನಲವತ್ತೇಳರ ಹೆಂಗಸೊಬ್ಬರು ಕಂಪ್ಯೂಟರ್ ಪರದೆಯ ಮೇಲೆ ಕುರುಡು ಮುದುಕನೊಬ್ಬನ ಚೀಲ ಕದಿಯುತ್ತಿದ್ದಾರೆ. ಕದ್ದಾಯಿತು. ಪಕ್ಕದಲ್ಲಿ ನಿಂತ ಬಿಲ್ಲುಗಾರ್ತಿ ಮುಖ ಸಿಂಡರಿಸುತ್ತಾಳೆ. ಇವರು ಮಗ್ಗುಲಿನ ಹಾಳೆಯಲ್ಲಿ ಕೆಂಪು ಪೆನ್ಸಿಲಿನಿಂದ ಗೀಟೆಳೆದು, ಆಟವನ್ನು ಹಿಂದಕ್ಕೆ ತಂದು, ಅದೇ ಮುದುಕನಿಗೆ ಈ ಸಲ ಚೀಲ ಹುಡುಕಿಕೊಡುತ್ತಾರೆ. ಬಿಲ್ಲುಗಾರ್ತಿ ನಗುತ್ತಾಳೆ. ಹಸಿರು ಗೀಟು.

“ಏಳು ಗಂಟೆಯೊಳಗೆ ಈ ತಾತನ್ನ ಆರು ಸಲ ದೋಚಿರ್ತೀನಿ, ಆರು ಸಲ ಕಾಪಾಡಿರ್ತೀನಿ. ಪಾಪ ಪುಣ್ಯ ಸರಿಸಮ ಆಗೋಗುತ್ತೆ,” ಎಂದು ಪರದೆಯಿಂದ ಕಣ್ಣು ಕೀಳದೆ ಹೇಳುತ್ತಾರೆ.

ಕಚೇರಿಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಇವರು ತಾಳೆಯಕ್ಕ. ಆಡುವವರೇ ಕಥಾನಾಯಕರಾಗಿ ಕತ್ತಿ, ಮಂತ್ರ, ರಾಕ್ಷಸರ ಲೋಕದಲ್ಲಿ ಅಲೆಯುವ ಕಂಪ್ಯೂಟರ್ ಆಟಗಳನ್ನು ತಯಾರಿಸುವ ಕಂಪನಿ ಅದು. ಆ ಅಲೆದಾಟದಲ್ಲಿ ನಾಯಕನ ಜೊತೆ ಆರು ಮಂದಿ ಜೊತೆಗಾರರಿರುತ್ತಾರೆ. ನಾಯಕ ಒಳ್ಳೆಯದು ಮಾಡಿದರೆ ಒಬ್ಬರಿಗೆ ಮೆಚ್ಚುಗೆ, ಇನ್ನೊಬ್ಬರಿಗೆ ಸಿಡುಕು. ಬೇಸರ ಮಿತಿ ಮೀರಿತೆಂದರೆ ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಡುತ್ತಾರೆ. ಆ ಮೆಚ್ಚುಗೆ, ಆ ಸಿಡುಕು ಅವರವರ ಗುಣಕ್ಕೆ ಹೊಂದುತ್ತದೆಯೇ ಎಂದು ತಾಳೆ ನೋಡುವುದೇ ಈ ಅಕ್ಕನ ಕೆಲಸ.

ಬಿಡುಗಡೆಯಾದ ಆಟಗಳಿಗೂ ಹೊಸ ಪ್ರಸಂಗಗಳು ಸೇರುತ್ತಲೇ ಇರುತ್ತವೆ. ಹಾಗೆ ಹೊಸದಾಗಿ ಜೋಡಿಸಿದ ಆಟ ದಿನಾ ಮುಂಜಾನೆ ಐದೂವರೆಗೆ ಸಿದ್ಧವಾಗುತ್ತದೆ. ಬರಹಗಾರರು ಹತ್ತಕ್ಕೆ ಬರುವಷ್ಟರಲ್ಲಿ ಅವರ ಮೇಜಿನ ಮೇಲೆ ತಪ್ಪಿನ ಪಟ್ಟಿ ಇರಬೇಕು. ಹಾಗಾಗಿ ಬಸ್ ಓಡಿಸುವ ಗಂಡ ಬೆಳಗಿನ ಮೊದಲ ಬಸ್ಸಿನಲ್ಲೇ ಹೆಂಡತಿಯನ್ನು ಕರೆತಂದು ಕಚೇರಿಯ ಬಾಗಿಲಲ್ಲಿ ಇಳಿಸುತ್ತಾರೆ.

ಅಕ್ಕ ಈ ಕೆಲಸಕ್ಕೆ ಬಂದದ್ದು ಆಟದ ಹುಚ್ಚಿನಿಂದಲ್ಲ. ಹದಿನೇಳು ವರ್ಷ ಅವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರು. ಕಾಗುಣಿತಕ್ಕಿಂತ ಕಥೆಯ ಎಡವಟ್ಟು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. “ಒಂದು ಕಾದಂಬರೀಲಿ ನಲವತ್ತನೇ ಪುಟದಲ್ಲಿ ಸತ್ತವನು ಇನ್ನೂರ ಹನ್ನೆರಡನೇ ಪುಟದಲ್ಲಿ ಚಹಾ ಕುಡೀತಾ ಕೂತಿದ್ದ. ಬರೆದೋರಿಗೆ ಫೋನ್ ಮಾಡಿ ಕೇಳ್ದೆ, ಸತ್ತವನನ್ನ ಎಬ್ಬಿಸೋದೋ, ಚಹಾ ತೆಗೆಯೋದೋ ಅಂತ.”

ಮುದ್ರಣಾಲಯ ಮುಚ್ಚಿತು. ಅದೇ ತಿಂಗಳು ಹದಿಮೂರು ವರ್ಷದ ಮಗಳು ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಳು. ಎರಡು ತಿಂಗಳು ಮಂಚವೇ ಗತಿ. ಹೊತ್ತು ಕಳೆಯಲು ಅವಳ ಕೈಗೆ ಸಿಕ್ಕಿದ್ದು ಇದೇ ಕಂಪನಿಯ ಹಳೆಯ ಆಟ. ಒಂದು ಮಧ್ಯಾಹ್ನ ತಾಯಿ ಅಡುಗೆಮನೆಯಿಂದ ಬಂದು ನೋಡಿದರೆ ಮಗಳು ಗೋಡೆಗೆ ಮುಖ ಮಾಡಿ ಬಿಕ್ಕುತ್ತಿದ್ದಾಳೆ.

“ಅಮ್ಮ, ಹಿಂದಿನ ಊರಲ್ಲಿ ಕಳ್ಳನ್ನ ಬಿಟ್ಟಾಗ ಈ ಬಿಲ್ಲುಗಾರ್ತಿ ಭೇಷ್ ಅಂದ್ಳು. ಈ ಊರಲ್ಲೂ ಬಿಟ್ಟೆ. ಥೂ ಅಂತ ಬೈದು ಹೊರಟೇ ಹೋದ್ಳು. ನಾನೇನು ತಪ್ಪು ಮಾಡ್ದೆ?”

ಆ ಪ್ರಶ್ನೆ ತಾಯಿಯ ಎದೆಗೆ ನಾಟಿತು. ಆಕೆಯ ತಂದೆಯೂ ಹಾಗೆಯೇ ಇದ್ದರಂತೆ. ನಿನ್ನೆ ನಕ್ಕ ಮಾತಿಗೇ ಇವತ್ತು ಕೈ ಎತ್ತುತ್ತಿದ್ದರು. “ಏಟಿಗೆ ನಾವು ಹೆದರ್ತಿರ್ಲಿಲ್ಲ. ಯಾವುದಕ್ಕೆ ಬೀಳುತ್ತೆ ಅಂತ ಗೊತ್ತಾಗ್ತಿರ್ಲಿಲ್ವಲ್ಲ, ಅದಕ್ಕೇ ಜೀವ ಹೋಗ್ತಿತ್ತು,” ಎನ್ನುತ್ತಾರೆ ಅಕ್ಕ.

ಅಂದು ಅವರು ಸೆರಗು ಸಿಕ್ಕಿಸಿಕೊಂಡು ಮಗಳ ಪಕ್ಕ ಕುಳಿತರು. ಆಟವನ್ನು ಮೊದಲಿನಿಂದ ಆಡಿಸುತ್ತ, ಯಾರು ಯಾವಾಗ ಏನೆಂದರು ಎಂದು ಬರೆದುಕೊಂಡರು. ಒಂಬತ್ತನೇ ದಿನ ಕಂಪನಿಗೆ ಹನ್ನೊಂದು ಪುಟದ ಕಾಗದ ಹೋಯಿತು. ಕೊನೆಯ ಸಾಲು ಹೀಗಿತ್ತು: “ನಿಮ್ಮ ಬಿಲ್ಲುಗಾರ್ತಿ ನನ್ನ ಮಗಳ ಕ್ಷಮೆ ಕೇಳಬೇಕು.” ಬಿಲ್ಲುಗಾರ್ತಿ ಕ್ಷಮೆ ಕೇಳಲಿಲ್ಲ. ಮೂರು ವಾರದ ಮೇಲೆ ಕಂಪನಿಯಿಂದಲೇ ಕರೆ ಬಂತು: ಆರು ತಿಂಗಳ ಕರಾರಿನ ಮೇಲೆ ಆಟ ಪರೀಕ್ಷಿಸುವ ಕೆಲಸ, ಬರುತ್ತೀರಾ?

ಶುರುವಿನಲ್ಲಿ ಯಾರೂ ಇವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಿಕ್ಕ ಪರೀಕ್ಷಕರೆಲ್ಲ ಇಪ್ಪತ್ತರ ಹರೆಯದವರು. ಕತ್ತಿ ಗೋಡೆಯೊಳಗೆ ತೂರಿತು, ಕುದುರೆ ಗಾಳಿಯಲ್ಲಿ ನಿಂತಿತು ಎಂಬಂಥ ಕಣ್ಣಿಗೆ ಹೊಡೆಯುವ ದೋಷಗಳು ಅವರ ಬೇಟೆ. ಅಕ್ಕ ಮಾತ್ರ “ಇವಳು ಹೀಗನ್ನೋಳಲ್ಲ” ಎಂದು ಬರೆಯುತ್ತಿದ್ದರು. ಓದಿದವರು ಮುಸಿಮುಸಿ ನಗುತ್ತಿದ್ದರು.

ಹೊಸ ಆಟ ಬಿಡುಗಡೆಗೆ ಐದು ವಾರ ಉಳಿದಿದ್ದಾಗ ನಗು ಜಗಳಕ್ಕೆ ತಿರುಗಿತು. ಆ ಆಟದಲ್ಲೊಬ್ಬಳು ಗಿಡಮೂಲಿಕೆಯ ವೈದ್ಯೆ ಇದ್ದಾಳೆ. ಬಾಗಿಲಿಗೆ ಬಂದವರನ್ನು ಯಾರೆಂದು ಕೇಳದೆ ಆರೈಕೆ ಮಾಡುವವಳು. ನದಿ ದಾಟುವ ಪ್ರಸಂಗದಲ್ಲಿ ಗಾಯಗೊಂಡ ಸೈನಿಕನೊಬ್ಬ ಯುದ್ಧ ಬಿಟ್ಟು ಓಡಿಬಂದು ಆಸರೆ ಬೇಡುತ್ತಾನೆ. ಬಚ್ಚಿಡಬಹುದು, ಹಿಡಿದು ಕೊಡಬಹುದು. ಅಕ್ಕ ಬಚ್ಚಿಟ್ಟರು. ವೈದ್ಯೆ ಸಿಡಿದಳು. ಹಿಡಿದು ಕೊಟ್ಟರು. ವೈದ್ಯೆ ಮೆಚ್ಚಿದಳು.

ಅಕ್ಕ ದೂರು ಬರೆದರು. “ದೋಷವಲ್ಲ” ಎಂದು ವಾಪಸ್ ಬಂತು. ಮತ್ತೆ ಬರೆದರು, ಮತ್ತೆ ವಾಪಸ್. ಮೂರನೇ ಸಲವೂ ಹಿಂತಿರುಗಿ ಬಂದಾಗ ಹಾಳೆ ಹಿಡಿದುಕೊಂಡು ನೇರ ಮುಖ್ಯ ಬರಹಗಾರರ ಮೇಜಿಗೆ ಹೋದರು.

“ಮನುಷ್ಯರು ಹಾಗೇ ಅಲ್ವೇನಮ್ಮ? ಒಂದೊಂದು ಸಲ ಒಂದೊಂದು ಥರ. ಅದೇ ಸಹಜ,” ಎಂದರು ಅವರು.

“ಮನಸ್ಸು ಬದಲಾಗ್ಲಿ ಸರ್, ಬೇಡ ಅನ್ನಲ್ಲ. ಯಾಕೆ ಬದಲಾಯ್ತು ಅಂತ ಆಡೋರಿಗೆ ತಿಳೀಬೇಕಲ್ವಾ? ತಿಳೀದೇ ಇದ್ರೆ ಅದು ಸಹಜ ಅಲ್ಲ, ನಮ್ಮ ಮರೆವು.”

“ಇದೊಂದು ಕಡೆ ತಾನೇ?”

“ಎಷ್ಟು ಕಡೆ ಅಂತ ನೋಡೇಬಿಡ್ತೀನಿ.”

ತಂಡದ ಮೇಲ್ವಿಚಾರಕಿ ಮೆಲ್ಲಗೆ ಕಿವಿಮಾತು ಹೇಳಿದರು: “ಅಕ್ಕ, ನಿಮ್ಮ ಕರಾರು ಮುಗಿಯೋದೂ ಆಟ ಬಿಡುಗಡೆಯಾಗೋ ತಿಂಗಳೇ. ಸುಮ್ಮನೆ ಯಾಕೆ ಮೈಮೇಲೆ ಹಾಕ್ಕೋತೀರಾ?” ಅಕ್ಕ ಕೇಳಿಸಿಕೊಂಡರು, ಹಿಡಿದ ಪಟ್ಟು ಬಿಡಲಿಲ್ಲ.

ಆಟದಲ್ಲಿ ಒಟ್ಟು ಮುನ್ನೂರ ನಲವತ್ತು ಧರ್ಮಸಂಕಟಗಳು. ಒಂದೊಂದಕ್ಕೂ ಆರು ಜನರ ಪ್ರತಿಕ್ರಿಯೆ ಎಂದರೆ ಎರಡು ಸಾವಿರದ ನಲವತ್ತು. ದಿನಕ್ಕೆ ಇಪ್ಪತ್ತರಂತೆ ಹದಿನೇಳು ದಿನ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತರು. ಗೋಡೆಯ ಉದ್ದಕ್ಕೂ ಕಂದು ಕಾಗದ ಅಂಟಿಸಿ, ಒಬ್ಬೊಬ್ಬರಿಗೆ ಒಂದೊಂದು ಸಾಲು ಮಾಡಿ, ಮೆಚ್ಚಿದರೆ ಹಸಿರು, ಮುನಿದರೆ ಕೆಂಪು ಗೀಟು ಹಾಕುತ್ತ ಹೋದರು. ಮನೆಯಲ್ಲಿ ಗಂಡ ಅನ್ನಕ್ಕಿಟ್ಟರು. ವಾಸಿಯಾದ ಕಾಲಿನಲ್ಲಿ ಓಡಾಡುತ್ತಿದ್ದ ಮಗಳು ಬಟ್ಟೆ ಒಗೆದಳು. “ನಮ್ಮಮ್ಮ ಜಗಳ ಆಡ್ತಿದಾರೆ, ಸದ್ಯಕ್ಕೆ ಸಿಗಲ್ಲ,” ಎಂದು ಅವಳು ನೆಂಟರ ಫೋನಿಗೆ ಉತ್ತರ ಕೊಡುತ್ತಿದ್ದಳಂತೆ.

ಹದಿನೆಂಟನೇ ದಿನ ಬೆಳಿಗ್ಗೆ ಮುಖ್ಯ ಬರಹಗಾರರು ಬಂದು ಗೋಡೆಯ ಮುಂದೆ ನಿಂತರು. ಅಕ್ಕ ವೈದ್ಯೆಯ ಸಾಲಿನ ಮೇಲೆ ಬೆರಳಿಟ್ಟು ನಡೆದರು. ಇನ್ನೂರ ಮೂರನೇ ಧರ್ಮಸಂಕಟದವರೆಗೆ ಅವಳು ಅವಳೇ. ಇನ್ನೂರ ನಾಲ್ಕರಿಂದ, ಹಣ ಕೊಟ್ಟವರ ಪರ ಕತ್ತಿ ಹಿಡಿಯುವ ಕೂಲಿ ಸೈನಿಕನೆಂಬ ಇನ್ನೊಬ್ಬ ಜೊತೆಗಾರನ ಗುಣವೆಲ್ಲ ಅವಳಲ್ಲಿ, ಅವಳ ದಯೆಯೆಲ್ಲ ಅವನಲ್ಲಿ.

ಬರಹಗಾರರು ಎರಡು ಸಲ ಗೋಡೆಯ ಈ ತುದಿಯಿಂದ ಆ ತುದಿಗೆ ಓಡಾಡಿದರು. ಆಮೇಲೆ ತಮ್ಮ ಮೂಲ ಪಟ್ಟಿ ತೆರೆದು ನೋಡಿದರು. ಆಟದ ನಡುವೆ ಒಬ್ಬ ಬರಹಗಾರ ಕೆಲಸ ಬಿಟ್ಟು ಇನ್ನೊಬ್ಬರು ಬಂದಿದ್ದರು. ಹಸ್ತಾಂತರದಲ್ಲಿ ವೈದ್ಯೆಯ ಮತ್ತು ಕೂಲಿ ಸೈನಿಕನ ಸಾಲುಗಳು ಅದಲುಬದಲಾಗಿದ್ದವು. ಸಿಕ್ಕ ಇನ್ನೂರ ಹದಿನೇಳು ಎಡವಟ್ಟುಗಳಲ್ಲಿ ನೂರ ಎಂಬತ್ತೆರಡು ಅದೊಂದರ ಫಲ.

“ಮೂರು ಸಲ ವಾಪಸ್ ಕಳಿಸಿದ್ದು ನಾನೇ. ತಪ್ಪಾಯ್ತಮ್ಮ,” ಎಂದರು ಅವರು, ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಂತೆ.

ಆ ನೂರ ಎಂಬತ್ತೆರಡು ಒಂದೇ ಮಧ್ಯಾಹ್ನದಲ್ಲಿ ಸರಿಹೋದವು. ಉಳಿದ ಮೂವತ್ತೈದರ ಮುಂದೆ ಇಬ್ಬರೂ ಎದುರುಬದುರು ಕುಳಿತರು. ಇಪ್ಪತ್ತನಾಲ್ಕನ್ನು ತಿದ್ದಿದರು. ಹನ್ನೊಂದನ್ನು ಹಾಗೇ ಬಿಡೋಣ ಎಂದವರು ಅಕ್ಕನೇ, ಆದರೆ ಒಂದೊಂದಕ್ಕೂ ಕಾರಣದ ಒಂದು ಸಾಲು ಬರೆಸಿಕೊಂಡರು. ಸಾಂಕ್ರಾಮಿಕ ತಗುಲಿದ ಮನೆಯೊಂದರ ಹೊಸ್ತಿಲು ದಾಟಲು ವೈದ್ಯೆ ಒಪ್ಪುವುದಿಲ್ಲ. ಈಗ ಅಲ್ಲಿ ಅವಳು ತಲೆ ತಗ್ಗಿಸಿ ಹೇಳುತ್ತಾಳೆ: “ನನ್ನ ತಂಗಿ ಇಂಥ ಮನೆಯಲ್ಲೇ ಹೋದಳು. ಇದೊಂದು ನನ್ನಿಂದಾಗದು.” ಆಡಿದ ಎಷ್ಟೋ ಜನ ಈ ಸಾಲಿನ ಬಗ್ಗೆಯೇ ಕಂಪನಿಗೆ ಕಾಗದ ಬರೆದಿದ್ದಾರೆ.

ಆಟ ಹೇಳಿದ ದಿನಕ್ಕೇ ಬಿಡುಗಡೆಯಾಯಿತು. ಹಿಂದಿನ ಆಟದ ಜೊತೆಗಾರರ ಬಗ್ಗೆ ಮೊದಲ ತಿಂಗಳಲ್ಲಿ ಬಂದ ದೂರುಗಳು ಒಂಬೈನೂರು ದಾಟಿದ್ದವು. ಈ ಸಲ ನಾಲ್ಕು. ಬಿಡುಗಡೆಯ ಸಭೆಯಲ್ಲಿ ಕಂದು ಕಾಗದವನ್ನು ಹಾಗೇ ತಂದು ವೇದಿಕೆಯ ಹಿಂದೆ ತೂಗುಹಾಕಿದ್ದರು. ಮುಖ್ಯ ಬರಹಗಾರರು ಅದರತ್ತ ಕೈ ತೋರಿಸಿ ಅಕ್ಕನನ್ನು ಕರೆದಾಗ ಅರವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲು ಎದ್ದವರು, ಮುಸಿಮುಸಿ ನಗುತ್ತಿದ್ದ ಆ ಎಳೆಯ ಪರೀಕ್ಷಕರೇ. ಕರಾರಿನ ಕೆಲಸ ಕಾಯಂ ಆಯಿತು. ಅಕ್ಕನ ಸಹಿಯಿಲ್ಲದೆ ಜೊತೆಗಾರರ ಒಂದು ಸಾಲೂ ಆಟದೊಳಗೆ ಹೋಗಬಾರದೆಂಬ ನಿಯಮವೂ ಬಂತು.

ಮನೆಯಲ್ಲಿ ಮಗಳು ಆಟವನ್ನು ಬೇಕೆಂದೇ ಕೆಟ್ಟತನದಿಂದ ಆಡಿ ನೋಡಿದಳು. ವೈದ್ಯೆ ಮೂರು ಸಲ ಎಚ್ಚರಿಸಿ, ನಾಲ್ಕನೇ ಸಲ ಬಿಟ್ಟು ಹೋದಳು. ಮಗಳು ಅಡುಗೆಮನೆಗೆ ಬಂದು, “ಅಮ್ಮ, ಬೈದು ಹೋದ್ಳು. ಆದ್ರೆ ಸರಿಯಾಗೇ ಬೈದ್ಳು,” ಅಂದಳಂತೆ. ಇದನ್ನು ಹೇಳುವಾಗ ಅಕ್ಕನ ಮುಖ ನೋಡಬೇಕು.

ಗಂಟೆ ಹತ್ತಾಗುತ್ತಿದೆ. ಕೋಣೆ ತುಂಬುತ್ತಿದೆ. ಮುಖ್ಯ ಬರಹಗಾರರು ಕೈಚೀಲ ಕೆಳಗಿಡುವ ಮುನ್ನವೇ ಅಕ್ಕನ ಮೇಜಿಗೆ ಬಂದು ಐದು ಖಾಲಿ ಹಾಳೆ ಇಡುತ್ತಾರೆ. ಮುಂದಿನ ಆಟದ ಕಥೆ ಇನ್ನೂ ಒಂದಕ್ಷರ ಬರೆದಿಲ್ಲ. ಐದು ಜನ ಜೊತೆಗಾರರು, ಜೊತೆಗೊಂದು ನಾಯಿ. ಯಾರು ಏನನ್ನು ಸಹಿಸುವುದಿಲ್ಲ ಎಂಬುದನ್ನು ಮೊದಲು ಅಕ್ಕನೊಂದಿಗೆ ಕುಳಿತು ಗೊತ್ತುಮಾಡಿಕೊಂಡು, ಆಮೇಲೆ ಬರವಣಿಗೆ.

ಅಕ್ಕ ಹಾಳೆ ಎಣಿಸುತ್ತಾರೆ. “ಇನ್ನೊಂದು ಕೊಡಿ ಸರ್.”

“ಐದೇ ಜನ ಅಲ್ವಾ?”

“ನಾಯಿಗೆ?”

“ನಾಯಿ ಏನು ಮಾಡಿದ್ರೂ ಬಾಲ ಅಲ್ಲಾಡಿಸುತ್ತೆ ಬಿಡಿ ಅಕ್ಕ.”

ಅಕ್ಕ ಕನ್ನಡಕವನ್ನು ಮೇಲೇರಿಸಿ ಅವರನ್ನೇ ನೋಡುತ್ತಾರೆ. “ನಾಯಿ ಸಾಕಿದೀರಾ ಸರ್?”

ಬರಹಗಾರರು ಇಲ್ಲವೆಂದು ತಲೆಯಾಡಿಸಿ, ಆರನೇ ಹಾಳೆ ತರಲು ಹೊರಡುತ್ತಾರೆ.